ಸಹಾಯ ಬೇಕು: ಅಲ್ಸರ್ ಆಪರೇಷನ್ ಆದಮ್ಯಾಲ ಎಂಡೋಸ್ಕೋಪಿ ಎಲ್ಲಿ ಮಾಡಿಸ್ಬೇಕ್ರಿ?

ನಮಸ್ಕಾರ್ರಿ ಎಲ್ಲಾರಿಗೂ, ನಾವು ಸಿಂಧನೂರು ಕಡೆಯವ್ರು. ನಮ್ಮ ಮಾವಾರಿಗೆ (ವಯಸ್ಸು ಅರವತ್ತರ ಮ್ಯಾಲ, ಬೀಡಿ ಬ್ಯಾರೆ, ಮೊಣಕಾಲು ನೋವಿಗೆ ಮೆಡಿಕಲ್ ಶಾಪ್ ಗುಳಿಗಿ ದಿನಾ ನುಂಗ್ತಿದ್ರು) ಹೋದ ತಿಂಗಳ ಜಠರದಾಗಿನ ಅಲ್ಸರ್ ತೂತು ಬಿದ್ದು ಅರ್ಜೆಂಟ್ ಆಪರೇಷನ್ ಆತು, ಹೊಟ್ಟ್ಯಾಗಿನ ಕೊಬ್ಬಿನ ಪದರ ಇಟ್ಟು ಹೊಲದಾರ. ಸಣ್ಣ ಕರುಳಿನ ಶುರುವಿನ್ಯಾಗ ಆಗಿದ್ರ ಕ್ಯಾನ್ಸರ್ ಭಾಳ ಅಪರೂಪ ಅಂತ, ಆದ್ರ ಜಠರದ್ದಿದ್ರ ಕೆಲವ್ರಿಗೆ ಅದರೊಳಗ ಕ್ಯಾನ್ಸರ್ ಇರ್ತೈತಿ, ಅದಕ್ಕ ಅಂಚಿನ ತುಣುಕು ಬಯಾಪ್ಸಿಗೆ ಕಳಸ್ತಾರ, ಆಮ್ಯಾಲ 6-8 ವಾರಕ್ಕ ಎಂಡೋಸ್ಕೋಪಿನೂ (ಬಾಯಿಂದ ಕ್ಯಾಮೆರಾ ಇರೋ ನಳಿಗಿ ಬಿಟ್ಟು ಜಠರ ನೋಡೋದು) ಮಾಡ್ತಾರ. ಇವ್ರ ಡಿಸ್ಚಾರ್ಜ್ ಚೀಟಿಯೊಳಗ ಬಯಾಪ್ಸಿ ಸುದ್ದಿನ ಇಲ್ಲ!

ರಾಯಚೂರು ಇಲ್ಲಾ ಬಳ್ಳಾರಿಯೊಳಗ ಎಂಡೋಸ್ಕೋಪಿ, ಬಯಾಪ್ಸಿ, ಎಚ್ ಪೈಲೋರಿ (ಅಲ್ಸರ್ ತರೋ ಬ್ಯಾಕ್ಟೀರಿಯಾ) ಟೆಸ್ಟ್ ಮೂರೂ ಒಂದ ಕಡೆ ಎಲ್ಲಿ ಮಾಡ್ತಾರ, ಖರ್ಚು ಎಷ್ಟ ಬರ್ತೈತಿ, ಆಯುಷ್ಮಾನ್ ಕಾರ್ಡ್ ನಡಿತೈತೇನ್ರಿ? ಮಾವಾರು ಈಗ ರೊಟ್ಟಿ ತಿನ್ನಾಕ ಹತ್ಯಾರ, ನನಗೇನೂ ಆಗಿಲ್ಲ ಬಿಡು ಅಂತಾರ, ಒಪ್ಪಸೋದ ದೊಡ್ಡ ಕೆಲಸ ಆಗೈತಿ. ಗೊತ್ತಿದ್ದವ್ರು ಇನ್‌ಬಾಕ್ಸ್ ಮಾಡ್ರಿ ಪ್ಲೀಸ್.