ಹಳೆ ಅಕ್ಕಿ ಮಿಲ್ಲು: ಕೆಳಗೆ ರೆಸ್ಟೋರೆಂಟ್, ಅಟ್ಟದಲ್ಲಿ ನಾಲ್ಕು ರೂಮು

ಪ್ರಶ್ನೆ: ಕರಾವಳಿಯ ಮುರಕಲ್ಲಿನ (ಜಂಬಿಟ್ಟಿಗೆ) ಕಟ್ಟಡ, ಮಂಗಳೂರು ಹೆಂಚು. ಗೋಡೆಗೆ ಸಿಮೆಂಟ್ ಬಳಿದಿದ್ದಾರೆ, ಬುಡದಲ್ಲಿ ಬಣ್ಣ ಉದುರುತ್ತಿದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಸಿಮೆಂಟ್ ಕೆತ್ತಿಸಿ. ಮುರಕಲ್ಲು ನೆಲದ ತೇವ ಹೀರುತ್ತೆ, ಸಿಮೆಂಟ್ ಅದನ್ನು ಹೊರಗೆ ಬಿಡಲ್ಲ. ಅದಕ್ಕೇ ಉಪ್ಪು ಹೊಮ್ಮೋದು, ಬಣ್ಣ ಉದುರೋದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ತೆಳುವಾಗಿ ಎರಡು ಪದರ. ಬೇಗ ಒಣಗಿದರೆ ಬಿರುಕು, ಒದ್ದೆ ಗೋಣಿ ಹೊದಿಸಿ. ಮಳೆಗಾಲದಲ್ಲಂತೂ ಈ ಕೆಲಸ ಬೇಡ.

ಉತ್ತರ 2: ಅಟ್ಟದ ಬಾತ್‌ರೂಮೇ ನಿಜವಾದ ತಲೆನೋವು. 110 ಮಿ.ಮೀ. ಪೈಪಿಗೆ 60ಕ್ಕೆ 1 ಇಳಿಜಾರು ಕೊಟ್ಟರೆ 4 ಮೀಟರಿಗೆ ಸುಮಾರು 7 ಸೆಂ.ಮೀ. ಇಳಿಯುತ್ತೆ, ಪೈಪಿನ ದಪ್ಪವೂ ಸೇರಿ ನೆಲವನ್ನು 20 ಸೆಂ.ಮೀ. ಎತ್ತರಿಸಬೇಕು. ಪೈಪಿಗೋಸ್ಕರ ತೊಲೆ ಕೊರೆಯಬೇಡಿ. ಬಾತ್‌ರೂಮುಗಳನ್ನು ಒಂದರ ಪಕ್ಕ ಒಂದು ಇಡಿ. ಮಿಲ್ಲಿನ ಹಳೆ ಯಂತ್ರದ ಶಾಫ್ಟು, ಪುಲ್ಲಿ ಗುಜರಿಗೆ ಹಾಕಬೇಡಿ. ತಿರುಗದಂತೆ ಬಿಗಿದರೆ ಅವೇ ಅಲಂಕಾರ.

ಉತ್ತರ 3: ವೆಲ್ಡಿಂಗ್‌ಗೆ ಮೊದಲು ಪಕ್ಕಾಸಿನ (ಹೆಂಚು ಹೊರುವ ಮರದ) ಮೇಲಿನ ಭತ್ತದ ಹೊಟ್ಟಿನ ಧೂಳು ತೆಗೆಸಿ, ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತೆ. ವೆನಿಸ್‌ನ ಸ್ಟಕಿ ಹಿಟ್ಟಿನ ಗಿರಣಿ 1955ರಲ್ಲಿ ಮುಚ್ಚಿತ್ತು. ಅದನ್ನು ಹೋಟೆಲ್ ಮಾಡಲು ನವೀಕರಣ ನಡೆಯುವಾಗಲೇ 2003ರಲ್ಲಿ ಬೆಂಕಿ ಬಿತ್ತು. ಹೋಟೆಲ್ ತೆರೆದದ್ದು 2007ರಲ್ಲಿ.