ಸೂತ್ರ ಸರಿ, ಉತ್ತರ ತಪ್ಪು: ಅಂತಿಮ ವೇಗದ ಲೆಕ್ಕ

ಪ್ರಶ್ನೆ: ನಮಸ್ಕಾರ ಮೇಡಂ. ಮಗಳು ಒಂಬತ್ತನೇ ತರಗತಿ. ಗಂಟೆಗೆ 36 ಕಿ.ಮೀ. ವೇಗದಲ್ಲಿರುವ ಬಸ್ಸು 0.5 ಮೀ/ಸೆ² ವೇಗೋತ್ಕರ್ಷದಲ್ಲಿ (ಅಂದರೆ ಪ್ರತಿ ಸೆಕೆಂಡಿಗೆ ವೇಗ ಏರುವ ದರ) 10 ಸೆಕೆಂಡು ಓಡಿದರೆ ಅಂತಿಮ ವೇಗ ಎಷ್ಟು ಎಂಬುದು ಲೆಕ್ಕ. 36ಕ್ಕೆ 5 ಕೂಡಿಸಿ 41 ಎಂದು ಬರೆದಿದ್ದಾಳೆ. ಉತ್ತರ ಗಂಟೆಗೆ 54 ಕಿ.ಮೀ. ಎಂದಿದೆ. ಎಡವಿದ್ದು ಎಲ್ಲಿ?

ಭೌತಶಾಸ್ತ್ರ ಉಪನ್ಯಾಸಕಿ: ಸೂತ್ರ ಸರಿಯಾಗಿಯೇ ಇದೆ ಸರ್. ಆರಂಭಿಕ ವೇಗಕ್ಕೆ ವೇಗೋತ್ಕರ್ಷ ಮತ್ತು ಕಾಲದ ಗುಣಲಬ್ಧ ಕೂಡಿಸಬೇಕು, ಕೂಡಿಸಿದ್ದಾಳೆ. ಆದರೆ ಆ 36 ಗಂಟೆಗೆ ಕಿಲೋಮೀಟರ್, ಈ 5 ಸೆಕೆಂಡಿಗೆ ಮೀಟರ್. ಏಕಮಾನ ಬೇರೆಯಾದವನ್ನು ಕೂಡಿಸಲು ಬರುವುದಿಲ್ಲ. ಗಂಟೆಗೆ 3600 ಸೆಕೆಂಡು, ಕಿಲೋಮೀಟರಿಗೆ 1000 ಮೀಟರ್. ಹಾಗಾಗಿ 36ನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೀಟರ್. ಅದಕ್ಕೆ 5 ಸೇರಿ 15. ಮತ್ತೆ 3.6ರಿಂದ ಗುಣಿಸಿದರೆ 54. ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ. ದತ್ತಾಂಶ ಬರೆಯುವಾಗಲೇ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಏಕಮಾನ ಬರೆಸಿ.

ಇನ್ನೊಬ್ಬರ ಪ್ರಶ್ನೆ: ಕಾಲ ಕೊಡದೆ ದೂರ ಮಾತ್ರ ಕೊಟ್ಟರೆ? ಜೋಗದ ನೆತ್ತಿಯಿಂದ ಕಲ್ಲು ಉರುಳಿತು ಎಂದುಕೊಳ್ಳಿ.

ಉಪನ್ಯಾಸಕಿ: ಆಗ ಕಾಲವನ್ನು ಹುಡುಕುವ ಗೋಜೇ ಬೇಡ. ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + 2 × ವೇಗೋತ್ಕರ್ಷ × ದೂರ. ಜೋಗದ ಎತ್ತರ 253 ಮೀಟರ್, ಗುರುತ್ವ ವೇಗೋತ್ಕರ್ಷ 9.8, ಆರಂಭಿಕ ವೇಗ ಸೊನ್ನೆ. 2 × 9.8 × 253 = 4958.8. ವರ್ಗಮೂಲ ಸುಮಾರು 70.4 ಮೀ/ಸೆ, ಅಂದರೆ ಗಂಟೆಗೆ 253 ಕಿ.ಮೀ.ಗೂ ತುಸು ಹೆಚ್ಚು. ಎತ್ತರದ ಅಂಕಿಯೇ ಇಲ್ಲೂ ಬಂದದ್ದು ಬರೀ ಕಾಕತಾಳೀಯ.

ಅವರದೇ ಮರುಪ್ರಶ್ನೆ: ಹಾಗಾದರೆ ಜೋಗದ ನೀರೂ ಅದೇ ವೇಗದಲ್ಲಿ ತಳ ಮುಟ್ಟುತ್ತದೆಯೇ?

ಉಪನ್ಯಾಸಕಿ: ಇಲ್ಲ. ಇದನ್ನು ಕೇಳಿದ್ದು ನನಗೆ ತುಂಬ ಹಿಡಿಸಿತು. ವೇಗೋತ್ಕರ್ಷ ಕೊನೆಯವರೆಗೂ ಬದಲಾಗದಿದ್ದರೆ ಮಾತ್ರ ಈ ಸೂತ್ರಗಳು ನಡೆಯುತ್ತವೆ. ಧಾರೆ ಬೀಳುತ್ತಾ ಒಡೆದು ಹನಿಯಾಗುತ್ತದೆ, ತುಂತುರಾಗುತ್ತದೆ. ವೇಗ ಏರಿದಷ್ಟೂ ಗಾಳಿಯ ತಡೆ ಏರುತ್ತದೆ. ತಡೆ ಹನಿಯ ತೂಕಕ್ಕೆ ಸಮವಾದ ಮೇಲೆ ವೇಗ ಅಲ್ಲಿಗೇ ನಿಲ್ಲುತ್ತದೆ. ದಪ್ಪ ಮಳೆಹನಿ ಎಷ್ಟೇ ಎತ್ತರದ ಮೋಡದಿಂದ ಬಂದರೂ ಸೆಕೆಂಡಿಗೆ ಸುಮಾರು 9 ಮೀಟರ್ ದಾಟುವುದಿಲ್ಲ. ಕಲ್ಲಿಗೂ ತಡೆ ಉಂಟು, ಹಾಗಾಗಿ ಮೇಲಿನ 70.4 ಕೂಡ ಗಾಳಿಯನ್ನು ಬಿಟ್ಟು ಹಾಕಿದ ಲೆಕ್ಕ.

ಗಾಳಿಯೇ ಇಲ್ಲದ ಕಡೆ ನೋಡಬೇಕಾದರೆ 1971ರ ಅಪೊಲೊ 15 ಯಾನ ಇದೆ. ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎತ್ತರ ಸುಮಾರು 1.6 ಮೀಟರ್, ಅಲ್ಲಿನ ಗುರುತ್ವ ವೇಗೋತ್ಕರ್ಷ 1.62. ಅದೇ ಸೂತ್ರ ಹಾಕಿದರೆ ಎರಡಕ್ಕೂ ಸುಮಾರು 2.3 ಮೀ/ಸೆ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.