ಹಳೆಯ ಲೆಕ್ಕದ ‘ಗುಲಬರ್ಗಾ’: ಜಾಂಗೊ ಕಮಾಂಡ್ ಬೇಕೋ, ಮೈಗ್ರೇಶನ್ ಸಾಕೋ?

ತೊಗರಿ_ಲೆಕ್ಕ (ಕಲಬುರಗಿ): ನಮ್ಮ ತೊಗರಿ ಗೋದಾಮಿನ ಜಾಂಗೊ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಆ್ಯಪ್‌ನಲ್ಲಿ 2007ರಿಂದೀಚಿನ ಹಳೆಯ ಲೆಕ್ಕವೂ ಸೇರಿದೆ. ಜಿಲ್ಲೆಯ ಕಾಲಂನಲ್ಲಿ ‘ಗುಲಬರ್ಗಾ’, ‘ಗುಲ್ಬರ್ಗ’, ‘ಕಲಬುರ್ಗಿ’ ಎಂದು ಮನಬಂದಂತೆ ತುಂಬಿರುವುದನ್ನು ಸರಿಪಡಿಸಲು ನಿನ್ನೆ ಸರ್ವರ್‌ನ ಶೆಲ್ (ಕೋಡ್ ಟೈಪ್ ಮಾಡಿ ಓಡಿಸುವ ಕಿಟಕಿ) ತೆರೆದು, ಒಂದೊಂದೇ ದಾಖಲೆಯನ್ನು ಬದಲಿಸಿ ಸೇವ್ ಮಾಡುವ ಲೂಪ್ ಓಡಿಸಿದೆ. ನಡುವೆ ನೆಟ್ ಹೋಗಿ ಶೆಲ್ ಮುಚ್ಚಿಕೊಂಡಿತು. ಎಲ್ಲಿಯವರೆಗೆ ಆಗಿದೆ ಎಂಬುದಕ್ಕೆ ಗುರುತೇ ಇಲ್ಲ. ಇದಕ್ಕೆ ಬೇಕೆಂದಾಗ ಓಡಿಸಬಲ್ಲ ಸ್ವಂತ ಕಮಾಂಡ್ ಬರೆಯಲೇ, ಡೇಟಾಬೇಸನ್ನು ಹಂತ ಹಂತವಾಗಿ ಬದಲಿಸುವ ಮೈಗ್ರೇಶನ್‌ನಲ್ಲೇ ಮುಗಿಸಲೇ?

ಬೀದರ್_ಕೋಟೆ: ಕಮಾಂಡೇ ಸರಿ. ಆ್ಯಪ್‌ನೊಳಗೆ ‘ಮ್ಯಾನೇಜ್‌ಮೆಂಟ್’, ಅದರೊಳಗೆ ‘ಕಮಾಂಡ್ಸ್’ ಎಂಬ ಫೋಲ್ಡರ್ ಮಾಡಿ. ಅಲ್ಲಿಟ್ಟ ಫೈಲಿನ ಹೆಸರೇ ಕಮಾಂಡಿನ ಹೆಸರಾಗುತ್ತದೆ. (ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಜಾಂಗೊ ಅದನ್ನು ಕಮಾಂಡೆಂದು ಎಣಿಸುವುದಿಲ್ಲ, ನಾನೊಮ್ಮೆ ಇದರಲ್ಲೇ ಅರ್ಧ ದಿನ ಕಳೆದಿದ್ದೇನೆ.) ಬೇಸ್‌ಕಮಾಂಡ್ ಕ್ಲಾಸಿನ ಹ್ಯಾಂಡಲ್ ಮೆಥಡ್‌ನಲ್ಲಿ ಕೆಲಸವನ್ನೆಲ್ಲ ಒಂದೇ ಟ್ರಾನ್ಸಾಕ್ಷನ್ ಒಳಗಿಟ್ಟರೆ, ನಡುವೆ ಸಂಪರ್ಕ ಕಡಿದರೂ ಒಂದು ದಾಖಲೆಯೂ ಬದಲಾಗಿರುವುದಿಲ್ಲ. ಏನನ್ನೂ ಬದಲಿಸದೆ ಪರೀಕ್ಷೆಗೆ ಓಡಿಸುವ ‘ಡ್ರೈ-ರನ್’ ಆಯ್ಕೆಯನ್ನು ಮಾತ್ರ ನೀವೇ ಸೇರಿಸಬೇಕು, ಅದು ತಾನಾಗಿ ಬರುವುದಿಲ್ಲ.

ಭೀಮಾತೀರ (ಯಾದಗಿರಿ): ನಾನು ಒಪ್ಪಲಾರೆ. ಒಮ್ಮೆ ಮಾಡಿ ಮುಗಿಸುವ ತಿದ್ದುಪಡಿಗೆ ಡೇಟಾ ಮೈಗ್ರೇಶನ್ ಇರುವಾಗ ಕಮಾಂಡ್ ಏಕೆ? ಮೈಗ್ರೇಶನ್ ಓಡಿದ್ದು ಡೇಟಾಬೇಸಿನಲ್ಲೇ ದಾಖಲಾಗುತ್ತದೆ. ಕಮಾಂಡನ್ನು ಯಾರು, ಯಾವಾಗ, ಎಷ್ಟು ಸಲ ಓಡಿಸಿದರೆಂದು ಜಾಂಗೊ ಬರೆದಿಡುವುದಿಲ್ಲ. ಇನ್ನೊಂದು ಮಾತು, ‘ಗುಲಬರ್ಗಾ’ ಇದ್ದಲ್ಲೆಲ್ಲ ‘ಕಲಬುರಗಿ’ ಎಂದರೆ ಲೆಕ್ಕವೇ ತಪ್ಪುತ್ತದೆ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲೇ, 2009ರ ಡಿಸೆಂಬರ್ 30ರಂದು, ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರೆ ಜಿಲ್ಲೆಯಾಗಿವೆ. ನಿಮ್ಮ ಲೂಪ್ ಶಹಾಪುರದ ರೈತರನ್ನು ಕಲಬುರಗಿಗೆ ಸೇರಿಸಿರಬಹುದು, ನೋಡಿರಿ.

ತೊಗರಿ_ಲೆಕ್ಕ: ಸೇರಿಸಿದೆ. ಈಗಷ್ಟೇ ನೋಡಿದೆ.

ಬೀದರ್_ಕೋಟೆ: ತಾಲ್ಲೂಕು ನೋಡಿ ಜಿಲ್ಲೆ ನಿರ್ಧರಿಸಬೇಕೆಂಬುದು ನಿಜ. ಆದರೆ ಇದು ಒಮ್ಮೆಗೇ ಮುಗಿಯುವ ಕೆಲಸವೆಂದು ನಾನು ನಂಬಲಾರೆ. ಟೈಪ್ ಮಾಡುವಾಗ ‘ಲ್’ ಆದಮೇಲೆ ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರವೊಂದು ಸೇರಿಕೊಂಡರೆ ಒತ್ತಕ್ಷರ ಒಡೆದು ‘ಗುಲ್‌ಬರ್ಗ’ ಎಂದಾಗುತ್ತದೆ. ಓದುವವರಿಗೆ ಎರಡೂ ಒಂದೇ, ಫಿಲ್ಟರ್‌ಗೆ ಮಾತ್ರ ಬೇರೆ. ಹೀಗೆ ಹೊಸ ರೂಪ ಸಿಕ್ಕಾಗಲೆಲ್ಲ ಒಂದೊಂದು ಮೈಗ್ರೇಶನ್ ಬರೆಯುತ್ತ ಹೋಗುವಿರಾ? ಅಲ್ಲದೆ ಮೈಗ್ರೇಶನ್‌ಗೆ ಸಿಗುವ ಮಾಡೆಲ್‌ನಲ್ಲಿ ನೀವು ಬರೆದ ಸೇವ್ ಮೆಥಡ್ ಇರುವುದಿಲ್ಲ.

ಕಿರ್ದಿ_ಖಾತೆ: ಕೋಡ್ ನನಗೆ ತಿಳಿಯದು, ನಾನು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ರೈತರ ಕೈಗೆ ಕೊಟ್ಟ ಪಟ್ಟಿಯಲ್ಲಿ ‘ಗುಲಬರ್ಗಾ’ ಎಂದಿದ್ದು, ಕಂಪ್ಯೂಟರಿನ ಪ್ರತಿಯಲ್ಲಿ ‘ಯಾದಗಿರಿ’ ಎಂದು ಬಂದರೆ ತಕರಾರಿಗೆ ಉತ್ತರ ಕೊಡಬೇಕಾದವರು ನಾವು. ಬರೆದದ್ದನ್ನು ಅಳಿಸಬೇಡಿ, ಪಕ್ಕದಲ್ಲಿ ಬರೆಯಿರಿ.

ಭೀಮಾತೀರ: ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹಾಗಾದರೆ ಹೊಸ ಕಾಲಂ ಸೇರಿಸುವುದಕ್ಕೆ ಹೇಗೂ ಮೈಗ್ರೇಶನ್ ಬೇಕು. ಅದನ್ನು ತುಂಬುವ ಕೆಲಸ ಕಮಾಂಡಿಗಿರಲಿ. ಆದರೆ ಯಾವ ತಾಲ್ಲೂಕು ಯಾವ ಜಿಲ್ಲೆಯದೆಂಬ ಯಾದಿಯಲ್ಲಿಲ್ಲದ ತಾಲ್ಲೂಕು ಬಂದರೆ ಊಹಿಸದೆ ಕಮಾಂಡ್‌ಎರರ್ ಕೊಟ್ಟು ನಿಲ್ಲಬೇಕು. ಆಗ ಎಕ್ಸಿಟ್ ಕೋಡ್ ಸೊನ್ನೆಯಾಗದೆ, ಅದನ್ನು ಕರೆದ ಸ್ಕ್ರಿಪ್ಟಿಗೂ ಕೆಲಸ ಕೆಟ್ಟದ್ದು ತಿಳಿಯುತ್ತದೆ.

ತೊಗರಿ_ಲೆಕ್ಕ: ಬ್ಯಾಕಪ್‌ನಿಂದ ಹಳೆಯ ದಾಖಲೆಗಳನ್ನು ಮರಳಿ ತುಂಬಿ ಡ್ರೈ-ರನ್ ಓಡಿಸಿದೆ. ‘ಶೋರಾಪುರ’ ಎಂಬಲ್ಲಿ ನಿಂತಿತು. ಅದನ್ನು ಸುರಪುರವೆಂದು ಯಾದಿಗೆ ಸೇರಿಸಿದರೆ ‘ಶಹಾಪೂರ’ದಲ್ಲಿ ನಿಂತಿತು. ಒಂದೊಂದಕ್ಕೂ ನಿಲ್ಲದೆ, ತಪ್ಪುಗಳನ್ನೆಲ್ಲ ಒಟ್ಟಿಗೆ ತೋರಿಸಿ ಕಡೆಗೆ ಎರರ್ ಕೊಡುವಂತೆ ಈಗ ಬದಲಿಸುತ್ತಿದ್ದೇನೆ.